ತಾಯಿ ಹಿರೋಲಾ ನೀರಿಗೆ ಹೋಗಿದೆ

ಉಮರ್ಗಾ
2 ಜುಲೈ 1995

ಸಿದ್ಧೂ,

ಮೇ ತಿಂಗಳಲ್ಲಿ ನೀನು ಹಾಕಿದ ಕಾಗದ ನಿನ್ನೆ ಕೈಸೇರಿತು. ಮೂರು ಸಾಲು. ಆರಾಮಾಗಿದ್ದೀಯ, ಅಲ್ಲಿಯ ಬಿಸಿಲು ನಮ್ಮ ಕಡೆಯ ಬಿಸಿಲಿನಂತೆಯೇ ಇದೆ, ದೀಪಾಲಿಗೆ ಮುದ್ದು. ಈ ಮೂರು ಸಾಲಿಗೆ ನಾವಿಬ್ಬರೂ ಆರು ವಾರ ಅಂಚೆಯವನ ದಾರಿ ನೋಡಿದೆವು.

ಸಿಟ್ಟಿನಿಂದ ಬರೆಯುತ್ತಿಲ್ಲ, ಒಂದು ಕೆಲಸ ಹೇಳುವುದಿದೆ. ಮೊನ್ನೆ ವರ್ಗದಲ್ಲಿ ಯಾರೋ ದೀಪಾಲಿಯ ಅಪ್ಪ ಎಲ್ಲಿ ಎಂದು ಕೇಳಿದರು. ಇವಳು ಎದ್ದು ನಿಂತು, "ನಮ್ಮಪ್ಪ ಆಫ್ರಿಕಾದಾಗ ದನಕ್ಕ ಸೂಜಿ ಹಾಕ್ತಾನ" ಎಂದಳು. ಮಲಕಮ್ಮ ಎನ್ನುವ ಹುಡುಗಿಯ ಬಾಯಿ ಭಾಳ ಚುರುಕು. "ಸೂಜಿ ಹಾಕಲಿಕ್ಕ ಅಷ್ಟ್ ದೂರ ಯಾಕ ಹೋಗಬೇಕು? ಇಲ್ಲಿ ದನ ಇಲ್ಲೇನು?" ಎಂದಳು. ದೀಪಾಲಿ ಕೂತುಬಿಟ್ಟಳು. ಸಂಜೆ ಮನೆಗೆ ಬಂದಮೇಲೆ ಅದೇ ಪ್ರಶ್ನೆಯನ್ನು ನನಗೆ ಕೇಳಿದಳು. ನಾನು ಒಲೆಯ ಕಡೆ ತಿರುಗಿದೆ.

ನಮ್ಮ ಕನ್ನಡ ಶಾಲೆ ಇನ್ನೂ ಮಾಕಣಿ ರಸ್ತೆಯ ತಗಡಿನ ಶೆಡ್ಡಿನಲ್ಲೇ ಇದೆ. ಭೂಕಂಪವಾಗಿ ಎರಡು ವರ್ಷ ತುಂಬುತ್ತ ಬಂತು. ಮೂರನೇ ಇಯತ್ತೆಯಲ್ಲಿ ಹತ್ತೊಂಬತ್ತು ಮಕ್ಕಳಿದ್ದಾರೆ. ದಿನಕ್ಕೊಬ್ಬರು ಸಾಹೇಬರು ಬಂದು, "ನಿಮ್ಮ ಮನಿಯಾಗ ಯಾರ್ಯಾರು ಹೋದರು?" ಎಂದು ಕೇಳುತ್ತಾರೆ. ಮಕ್ಕಳು ಈಗ ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಾರೆ. ಅವರ ಕಣ್ಣಿಗೆ ಬೇರೆ ಏನಾದರೂ ತೋರಿಸಬೇಕು ಎನಿಸುತ್ತದೆ. ಅಲ್ಲಿಯ ಒಂದು ಪ್ರಾಣಿಯ ಬಗ್ಗೆ ಬರೆದು ಕಳಿಸು. ಸಿಂಹ ಬೇಡ, ಸಿಂಹ ಪುಸ್ತಕದಲ್ಲಿದೆ. ನನಗಲ್ಲ, ಮಕ್ಕಳಿಗೆ ಬರೆ. ದೀಪಾಲಿ ಆ ಹತ್ತೊಂಬತ್ತರಲ್ಲಿ ಒಬ್ಬಳು ಎಂದು ತಿಳಿದುಕೋ.

ಸಪನಾಳ ಅಣ್ಣ ವೈಜಿನಾಥ ನಿಲಂಗಾದಿಂದ ಬಂದಿದ್ದ. ತನ್ನ ತಂಗಿಯ ಮಗಳೆಂದು ದೀಪಾಲಿಗೆ ಫ್ರಾಕು ತಂದಿದ್ದ.

ನಿನ್ನ ಅಕ್ಕ
ಲಲಿತಾ

*

ಗಾರಿಸ್ಸಾ, ಕೆನ್ಯಾ
30 ಆಗಸ್ಟ್ 1995

ಅಕ್ಕಾ, ಶರಣು.

ನೀನು ಹೇಳಿದಂತೆ ಕೆಳಗೆ ಮಕ್ಕಳಿಗೆ ಬರೆದಿದ್ದೇನೆ. ಭಾಷೆ ಕಠಿಣವಾಗಿದ್ದರೆ ನೀನೇ ಸಡಿಲ ಮಾಡಿ ಓದು.

ಮಕ್ಕಳೇ, ನೀವು ಹೊಲದ ಅಂಚಿನಲ್ಲಿ ಚಿಗರಿ ಓಡುವುದನ್ನು ನೋಡಿದ್ದೀರಿ. ಇಲ್ಲಿ ಅದರ ದೂರದ ಸಂಬಂಧಿ ಒಂದಿದೆ, ಹಿರೋಲಾ ಎಂದು ಹೆಸರು. ಎತ್ತರ ಒಂದೂವರೆ ವರ್ಷದ ಹೋರಿಗರುವಿನಷ್ಟು. ಮೈಬಣ್ಣ, ಹಂಚಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಇದ್ದ ರೊಟ್ಟಿಯಂಥದು. ಕೋಡಿಗೆ ಬಳೆ ತೊಡಿಸಿದಂತೆ ಗೆರೆಗಳಿವೆ, ಅದು ಉದುರುವುದಿಲ್ಲ. ಎರಡು ಕಣ್ಣುಗಳ ನಡುವೆ ಒಂದು ಬಿಳಿ ಗೆರೆ, ನಮ್ಮ ಶಾಂತವೀರಪ್ಪ ಮಾಸ್ತರರ ಚಾಳೀಸಿನಂತೆ. ಪ್ರತಿ ಕಣ್ಣಿನ ಕೆಳಗೂ ಒಂದೊಂದು ಕಪ್ಪು ಗುಳಿ ಇದೆ. ದೂರದಿಂದ ನೋಡಿದರೆ ಅವೂ ಕಣ್ಣೆನಿಸುತ್ತವೆ. ಅದಕ್ಕೇ ಇದನ್ನು ನಾಲ್ಕು ಕಣ್ಣಿನ ಪ್ರಾಣಿ ಎನ್ನುವವರೂ ಇದ್ದಾರೆ. ಬಾಲವೂ ಬಿಳಿ.

ಇದು ಈ ಭೂಮಿಯ ಮೇಲೆ ಒಂದೇ ಪಟ್ಟಿಯಲ್ಲಿ ಬದುಕುತ್ತದೆ: ತಾನಾ ನದಿಯಿಂದ ಸೋಮಾಲಿಯಾದ ಗಡಿಯವರೆಗೆ. ಇಪ್ಪತ್ತು ವರ್ಷದ ಹಿಂದೆ ಹದಿನಾಲ್ಕು ಸಾವಿರ ಇದ್ದವಂತೆ. ಆಮೇಲೆ ಬರ ಬಂತು, ಬಂದೂಕು ಬಂದವು, ದನಗಳ ದೊಡ್ಡರೋಗ ಬಂತು. ಈಗ ಸಾವಿರವೂ ಇರಲಿಕ್ಕಿಲ್ಲ ಎನ್ನುತ್ತಾರೆ. ನಾನು ಇಲ್ಲಿಯ ದನಗಳಿಗೆ ಹಾಕುವ ಸೂಜಿ ಆ ದೊಡ್ಡರೋಗಕ್ಕೇ. ದನಕ್ಕೆ ಬಾರದಿದ್ದರೆ ಹಿರೋಲಾಕ್ಕೂ ಬರುವುದಿಲ್ಲ. ಅದಕ್ಕಾಗಿ ಇಷ್ಟು ದೂರ ಬಂದಿದ್ದೇನೆ ಎಂದು ಮಲಕಮ್ಮನಿಗೆ ಹೇಳಿ.

ಅಕ್ಕಾ, ಇಷ್ಟು ಸಾಕಲ್ಲ? ನನಗೆ ಇದಕ್ಕಿಂತ ಹೆಚ್ಚು ಬರೆಯಲಿಕ್ಕೆ ಬರುವುದಿಲ್ಲ.

ಸಿದ್ಧೇಶ್ವರ

*

ಉಮರ್ಗಾ
8 ಅಕ್ಟೋಬರ್ 1995

ಸಿದ್ಧೂ,

ನಿನ್ನ ಕಾಗದವನ್ನು ವರ್ಗದಲ್ಲಿ ನಾಲ್ಕು ಸಲ ಓದಿದೆ. ಐದನೆಯ ಸಲ ನಾನು ತಪ್ಪಿದ ಕಡೆ ಮಕ್ಕಳೇ ತಿದ್ದಿದರು.

ಶೆಡ್ಡಿನ ಹೊರಗಿನ ತಗಡಿನ ಮೇಲೆ ಸೀಮೆಸುಣ್ಣದಿಂದ ಹಿರೋಲಾ ಬರೆದಿದ್ದಾರೆ. ಎಷ್ಟೆತ್ತರ ಇರಬೇಕು ಎಂದು ಜಗಳವಾಗಿ, ಹಿಂದಿನ ಓಣಿಯಿಂದ ಒಂದು ಹೋರಿಗರುವನ್ನೇ ಹಿಡಿದುಕೊಂಡು ಬಂದು ತಗಡಿಗೆ ಒತ್ತಿ ನಿಲ್ಲಿಸಿ ಅಳತೆ ಹಾಕಿದರು. ಮಳೆ ಬಂದರೆ ಅಳಿಸುತ್ತದೆ, ಮತ್ತೆ ಬರೆಯುತ್ತಾರೆ. ದೀಪಾಲಿಗೆ ಈಗ ವರ್ಗದಲ್ಲಿ ಮಾನ ಬಂದಿದೆ. "ನಮ್ಮಪ್ಪನ ಪ್ರಾಣಿ" ಎನ್ನುತ್ತಾಳೆ. ನಾಲ್ಕು ಕಣ್ಣನ್ನು ಬರೆಯುವ ಹಕ್ಕು ಅವಳೊಬ್ಬಳದೇ.

ಮಲಕಮ್ಮ ಕೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಬಾಯೋರೆ, ಹದಿನಾಲ್ಕು ಸಾವಿರದಾಗ ಸಾವಿರ ಉಳದಾವ ಅಂತೀರಿ. ಉಳದವಕ್ಕ ಗೊತ್ತದೇನ್ರಿ, ನಾವು ಉಳದೀವಿ ಅಂತ?" ನಾನು ಗೊತ್ತಿರುವುದಿಲ್ಲ ಎಂದೆ. "ಹಂಗಾರ ಛಲೋ" ಎಂದು ಕೂತಳು. ಮಲಕಮ್ಮನ ಮನೆಯಲ್ಲಿ ಏಳು ಜನ ಇದ್ದರು, ಈಗ ಅವಳು ಮತ್ತು ಅಜ್ಜ.

ಸೆಪ್ಟೆಂಬರ್ ಮೂವತ್ತಕ್ಕೆ, ಭೂಕಂಪದ ದಿನ, ಸಪನಾಳ ಹೆಸರಿನಲ್ಲಿ ಜಂಗಮರಿಗೆ ಊಟ ಹಾಕಿದೆ. ವೈಜಿನಾಥ ಮತ್ತು ಅವನ ಹೆಂಡತಿ ಗುರಮ್ಮ ಬಂದಿದ್ದರು. ದೀಪಾವಳಿಗೆ ನೀನು ಬರುತ್ತೀಯೇನು ಎಂದು ದೀಪಾಲಿ ಕೇಳುತ್ತಿದ್ದಾಳೆ. ಅವಳು ಕೇಳುತ್ತಿದ್ದಾಳೆ, ನಾನಲ್ಲ.

ಲಲಿತಾ

*

ಗಾರಿಸ್ಸಾ
10 ಡಿಸೆಂಬರ್ 1995

ಅಕ್ಕಾ,

ದೀಪಾವಳಿಗೆ ಬರಲಾಗಲಿಲ್ಲ. ಇಲ್ಲಿ ಮಳೆಗೆ ಮೊದಲು ಸೂಜಿಯ ಕೆಲಸ ಮುಗಿಯಬೇಕಿತ್ತು. ಅವಳಿಗೆ ನೀನೇ ಸಮಾಧಾನ ಹೇಳು. ಅದರ ಬದಲು ಒಂದು ಸುದ್ದಿ ಕಳಿಸುತ್ತಿದ್ದೇನೆ.

ಮಕ್ಕಳೇ, ನಮ್ಮ ಕ್ಯಾಂಪಿಗೆ ಒಂದು ಹಿರೋಲಾ ಮರಿ ಬಂದಿದೆ. ಹುಟ್ಟಿ ವಾರವಾಗಿರಬಹುದು. ಹೆಣ್ಣು. ಕಿವಿ ಮೈಗಿಂತ ದೊಡ್ಡವು. ಕೋಡಿನ ಜಾಗದಲ್ಲಿ ಎರಡು ಸುಳಿ ಇವೆ, ಅಷ್ಟೇ. ಸೀಸೆಯಲ್ಲಿ ಒಂಟೆಯ ಹಾಲು ಕುಡಿಸುತ್ತಿದ್ದೇನೆ. ಕುಡಿಯುವಾಗ ನನ್ನ ಅಂಗಿಯ ಗುಂಡಿಯನ್ನೂ ಚೀಪುತ್ತದೆ. ರಾತ್ರಿ ಚಳಿಗೆ ಗೋಣಿಚೀಲ ಹೊದಿಸುತ್ತೇನೆ. ತಾಯಿ ನೀರಿಗೆ ಹೋಗಿದೆ. ಇಲ್ಲಿ ನೀರು ಭಾಳ ದೂರ. ಅದು ಬರುವವರೆಗೆ ಮರಿ ನಮ್ಮ ಹತ್ತಿರ ಇರುತ್ತದೆ. ಇದಕ್ಕೆ ಹೆಸರಿಲ್ಲ. ನೀವೇ ಇಟ್ಟು ಕಳಿಸಿ.

ಸಿದ್ಧೇಶ್ವರ

*

ಉಮರ್ಗಾ
21 ಜನವರಿ 1996

ಸಿದ್ಧೂ,

ನಿನ್ನ ಕಾಗದ ಓದಿದ ದಿನ ಬೇರೆ ಯಾವ ಪಾಠವೂ ಆಗಲಿಲ್ಲ. ಹೆಸರಿಗಾಗಿ ಮೂರು ದಿನ ಜಗಳ. ಗೌರಿ, ಚಿಂಗಿ, ಮಾಧುರಿ ಎಲ್ಲ ಬಂದವು. ಕೊನೆಗೆ ಮಲಕಮ್ಮ, "ಪಾರಾಗ್ಯಾದಲ್ಲ, ಪಾರೂ ಅಂತ ಇಡ್ರಿ" ಎಂದಳು. ಎಲ್ಲರೂ ಒಪ್ಪಿದರು. ಮಡಚಿದ ಕಾಗದದಲ್ಲಿ ಹತ್ತೊಂಬತ್ತು ಮಕ್ಕಳ ಸಹಿ ಇದೆ. ಪಾರೂಗೆ ಓದಿ ಹೇಳಬೇಕಂತೆ.

ದೀಪಾಲಿಗೂ ಸಂತೋಷವಾಯಿತು. ಒಂಟೆಯ ಹಾಲು ಉಪ್ಪಾಗಿರುತ್ತದೆಯೇ ಎಂದು ಕೇಳಿದಳು.

ಒಂದೊಂದು ವಾರ ಬಿಟ್ಟು ಪಾರೂ ಬಗ್ಗೆ ಬರೆ. ಈ ಮಕ್ಕಳು ಒಂದು ಜೀವ ಬೆಳೆಯುವುದನ್ನು ನೋಡಲಿ. ಅವರ ಎದುರಿಗೆ ಬೆಳೆಯುತ್ತಿರುವುದು ಸರಕಾರದ ಕಾಂಕ್ರೀಟ್ ಕಂಬಗಳು ಮಾತ್ರ.

ಲಲಿತಾ

*

ಗಾರಿಸ್ಸಾ
18 ಮಾರ್ಚ್ 1996

ಅಕ್ಕಾ,

ಮಕ್ಕಳು ಇಟ್ಟ ಹೆಸರು ಬಂದು ತಲುಪಿತು. ಛಲೋ ಹೆಸರು.

ಮಕ್ಕಳೇ, ಪಾರೂ ಆರಾಮ ಇದೆ. ಹುಲ್ಲು ತಿನ್ನಲು ಕಲಿಯುತ್ತಿದೆ. ಎತ್ತರ ಬೆಳೆದಿದೆ. ನೀವು ಚೆನ್ನಾಗಿ ಅಭ್ಯಾಸ ಮಾಡಿರಿ.

ಸಿದ್ಧೇಶ್ವರ

*

ಉಮರ್ಗಾ
16 ಜೂನ್ 1996

ಸಿದ್ಧೂ,

ಮಾರ್ಚಿನ ನಂತರ ನಿನ್ನಿಂದ ಏನೂ ಇಲ್ಲ. ಮಾರ್ಚಿನದೂ ಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗ ಬರೆದಂತೆ ಇತ್ತು. ಅಲ್ಲಿ ಕೆಲಸ ಹೆಚ್ಚಿರಬೇಕು ಎಂದುಕೊಂಡೆ. ಮಕ್ಕಳಿಗೆ ಅಷ್ಟು ಸಣ್ಣದನ್ನು ಓದಲು ನಾಚಿಕೆಯಾಗಿ, ನಾನೇ ನಾಲ್ಕು ಮಾತು ಸೇರಿಸಿದೆ: ಪಾರೂ ನಿನ್ನ ಟೊಪ್ಪಿಗೆ ಕಚ್ಚಿಕೊಂಡು ಓಡಿತು ಎಂದು. ಭಾಳ ನಕ್ಕರು. ನಿನ್ನ ಹತ್ತಿರ ಟೊಪ್ಪಿಗೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಶಾಲೆ ಶುರುವಾಗಿದೆ. ಹತ್ತೊಂಬತ್ತರಲ್ಲಿ ಐದು ಮಕ್ಕಳು ಮರಾಠಿ ಶಾಲೆಗೆ ಹೋದರು, ಉಳಿದವರು ನಾಲ್ಕನೇ ಇಯತ್ತೆಗೆ ಬಂದಿದ್ದಾರೆ. ದೀಪಾಲಿ ಈಗ ಸರಾಗವಾಗಿ ಓದುತ್ತಾಳೆ. ಉಪ್ಪಿನ ಚೀಲ, ಬಸ್ಸಿನ ಬೋರ್ಡು, ಔಷಧದ ಚೀಟಿ, ಸಿಕ್ಕಿದ್ದೆಲ್ಲ ಓದುತ್ತಾಳೆ. ಈ ಒಂದು ಕೆಲಸ ನಾನು ಸರಿಯಾಗಿ ಮಾಡಿದ್ದೇನೆ.

ಒಂದು ಫೋಟೋ ಕಳಿಸು. ಪಾರೂ ಜೊತೆ ನೀನು ನಿಂತದ್ದು.

ಇನ್ನೊಂದು ಮಾತು. ವೈಜಿನಾಥನಿಗೆ ಮಕ್ಕಳಾಗುವುದಿಲ್ಲ ಎಂದು ಲಾತೂರಿನ ಡಾಕ್ಟರರು ಹೇಳಿದ್ದಾರೆ. ದೀಪಾಲಿಯನ್ನು ನಿಲಂಗಾಕ್ಕೆ ಕಳಿಸಿಕೊಡಿ, ಮಗಳಂತೆ ನೋಡಿಕೊಳ್ಳುತ್ತೇವೆ ಎಂದು ಕೇಳಿದ. ಅವನು ಇದನ್ನು ಮೊದಲು ಕೇಳಿದ್ದು ಹೋದ ವರ್ಷ ಫ್ರಾಕು ತಂದಾಗಲೇ. ನಿನಗೆ ಬರೆದಿರಲಿಲ್ಲ. ಅವಳ ಅಪ್ಪ ಇದ್ದಾನೆ ಎಂದು ಹೇಳಿ ಕಳಿಸುತ್ತ ಬಂದಿದ್ದೇನೆ.

ಲಲಿತಾ

*

ಗಾರಿಸ್ಸಾ
25 ಜುಲೈ 1996

ಅಕ್ಕಾ,

ಇದು ನಿನಗೊಬ್ಬಳಿಗೆ. ಮಕ್ಕಳಿಗೆ ಓದಬೇಡ, ದೀಪಾಲಿಯ ಕೈಗೆ ಸಿಗದಂತೆ ಇಡು.

ಫೋಟೋ ಕಳಿಸಲಾರೆ. ಪಾರೂ ಫೆಬ್ರವರಿ ಎರಡಕ್ಕೆ ಸತ್ತಿತು. ಒಂಟೆಯ ಹಾಲು ಅದಕ್ಕೆ ಒಗ್ಗಲಿಲ್ಲ. ಹತ್ತು ದಿನ ಭೇದಿ. ನನಗೆ ಗೊತ್ತಿದ್ದ ಎಲ್ಲ ಔಷಧ ಕೊಟ್ಟೆ. ಕೊನೆಯ ದಿನ ತಲೆ ಎತ್ತಲಿಲ್ಲ. ನಿಮ್ಮ ಕಾಗದ, ಹತ್ತೊಂಬತ್ತು ಸಹಿ, ಆ ಹೆಸರು, ಎಲ್ಲ ಬಂದದ್ದು ಅದನ್ನು ಹೂತ ಹನ್ನೊಂದು ದಿನದ ಮೇಲೆ. ಅದಕ್ಕೆ ಹೆಸರಿದ್ದದ್ದು ನಿಮ್ಮ ಶೆಡ್ಡಿನಲ್ಲಿ ಮಾತ್ರ. ಆಮೇಲೆ ಆರಾಮ ಇದೆ ಎಂದು ನಿಮಗೆ ಬರೆದೆ.

ಇನ್ನೂ ಇದೆ. ತಾಯಿ ನೀರಿಗೆ ಹೋಗಿರಲಿಲ್ಲ. ದೊಡ್ಡರೋಗ ಕಾಡಿನ ಪ್ರಾಣಿಗಳಲ್ಲಿ ಉಳಿದಿದೆಯೇ ಎಂದು ತಿಳಿಯಲು ಹಿರೋಲಾಗಳ ರಕ್ತ ಬೇಕಿತ್ತು. ಬಲೆ ಕಟ್ಟಿ ಜೀಪಿನಿಂದ ಅಟ್ಟಿದೆವು. ನಮ್ಮ ಜೊತೆ ಇದ್ದ ಸೋಮಾಲಿ ಮುದುಕ, ದನ ಕಾಯುವವನು, ಬಿಸಿಲೇರಿದೆ, ಇನ್ನು ಸಾಕು ಎಂದ. ಇನ್ನೊಂದು ಸುತ್ತು ಎಂದವನು ನಾನು. ಬಲೆಗೆ ಬಿದ್ದಾಗ ಅದರ ಮೈ ಕೆಂಡದಂತಿತ್ತು. ಕಾಲು ಸೆಟೆದುಕೊಂಡವು. ಸೂಜಿ ನನ್ನ ಕೈಯಲ್ಲೇ ಇತ್ತು, ರಕ್ತ ತೆಗೆಯುವ ಮೊದಲೇ ಹೋಯಿತು. ಬೆನ್ನಟ್ಟಿದರೆ ಅವು ಹೆದರಿಕೆಗೇ ಸಾಯುತ್ತವೆ. ಉದಗೀರದ ಕಾಲೇಜಿನಲ್ಲಿ ಇದನ್ನು ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಕೆಚ್ಚಲು ತುಂಬಿತ್ತು. ಅದನ್ನು ಕಂಡಮೇಲೆ ಮರಿಯನ್ನು ಹುಡುಕಲು ಹೋದೆವು.

ಯಾಕೆ ಹೇಳುತ್ತಿದ್ದೇನೆ ಎಂದರೆ, ಇನ್ನೊಂದನ್ನೂ ನಾನು ಯಾರಿಗೂ ಹೇಳಿಲ್ಲ. ಭೂಕಂಪದ ವರ್ಷ ಗಣಪತಿ ಹಬ್ಬಕ್ಕೆ ತವರೂರಿಗೆ ಹೋಗಲು ಸಪನಾಳಿಗೆ ಮನಸ್ಸಿರಲಿಲ್ಲ. ಉದಗೀರದಲ್ಲೇ ಇರುತ್ತೇನೆ ಎಂದಳು. ನನಗೆ ದನಗಳ ಶಿಬಿರವಿತ್ತು, ಮನೆಯಲ್ಲಿ ಗದ್ದಲ ಬೇಡವಾಗಿತ್ತು. ತಾಯಿ ಮಗಳನ್ನು ನಾನೇ ಬಸ್ಸಿನಲ್ಲಿ ಕೂರಿಸಿ ಬಂದೆ. ಆಮೇಲೆ ದವಾಖಾನೆಯಲ್ಲಿ ದೀಪಾಲಿ, "ಅವ್ವ ಎಲ್ಲಿ?" ಎಂದಾಗ ಸೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿದ್ದಾಳೆ ಎಂದೆ. ಹದಿನೈದು ದಿನ ಅದನ್ನೇ ಹೇಳಿದೆ. ಕೊನೆಗೆ ಅವಳಿಗೆ ನಿಜ ಹೇಳಿದವಳು ನೀನು. ಅಂದಿನಿಂದ ಅವಳ ಮುಖ ನೋಡುವುದು ನನಗೆ ಆಗುತ್ತಿಲ್ಲ. ದೂರದ ನೌಕರಿ ಸಿಕ್ಕಾಗ ದೇವರೇ ಕೊಟ್ಟ ಎನಿಸಿತು.

ವೈಜಿನಾಥನಿಗೆ ಏನು ಹೇಳಬೇಕೋ ನನಗೆ ತಿಳಿಯದು. ಹಿಂದಿನಂತೆಯೇ ಹೇಳು.

ಸಿದ್ಧು

*

ಉಮರ್ಗಾ
29 ಸೆಪ್ಟೆಂಬರ್ 1996

ಸಿದ್ಧೂ,

ನಿನ್ನ ಕಾಗದವನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದೆ. ಅವಳು ಅಕ್ಕಿ ಆರಿಸಲು ಕುಳಿತವಳು ತೆಗೆದು ಓದಿದ್ದಾಳೆ. ಪೂರ್ತಿ. ಮಡಚಿ ಅಲ್ಲೇ ಇಟ್ಟಿದ್ದಾಳೆ.

ಮರುದಿನ ಶಾಲೆಯಲ್ಲಿ ಎದ್ದು ನಿಂತು, "ಪಾರೂ ಸತ್ತದ. ಫೆಬ್ರವರಿ ಎರಡಕ್ಕ. ಅದರ ಅವ್ವಗ ನಮ್ಮಪ್ಪನೇ ಓಡಿಸಿ ಸಾಯಿಸ್ಯಾನ" ಎಂದಳು. ನಾನು ಕುರ್ಚಿಯ ಮೇಲೆ ಕುಳಿತೇ ಇದ್ದೆ. ಮಕ್ಕಳಲ್ಲಿ ಯಾರೂ ಅಳಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ಮಲಕಮ್ಮ, "ಟೊಪ್ಪಿಗಿ ಕಚಗೊಂಡು ಓಡಿದ್ದು?" ಎಂದಳು. ದೀಪಾಲಿ ನನ್ನ ಕಡೆ ನೋಡಿದಳು. ನಾನು ಅದನ್ನೂ ಹೇಳಬೇಕಾಯಿತು. "ಅದು ನಾ ಹೇಳಿದ್ದು. ಸುಳ್ಳು" ಎಂದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಮಕ್ಕಳೆದುರು ಹೀಗೆ ನಿಂತಿರಲಿಲ್ಲ.

ಜನವರಿಯಲ್ಲಿ ನಿನಗೆ ಬರೆಯದ ಒಂದು ಮಾತಿದೆ. ತಾಯಿ ನೀರಿಗೆ ಹೋಗಿದೆ ಎಂದು ನಾನು ಓದಿದಾಗ ದೀಪಾಲಿ ಮೆಲ್ಲಗೆ, "ಸತ್ತದ" ಎಂದಿದ್ದಳು. ಅಪಶಕುನ ನುಡಿಯಬೇಡ ಎಂದು ನಾನು ಅವಳನ್ನು ವರ್ಗದ ಹೊರಗೆ ನಿಲ್ಲಿಸಿದೆ. ನಿನಗೆ ಮಾತ್ರ, ಅವಳಿಗೆ ಸಂತೋಷವಾಯಿತು ಎಂದು ಬರೆದೆ. ಒಂಟೆಯ ಹಾಲಿನ ಪ್ರಶ್ನೆ ಅವಳು ಕೇಳಿದ್ದಲ್ಲ, ಬೇರೊಬ್ಬ ಹುಡುಗಿಯದು.

ಗಣಪತಿ ಹಬ್ಬ ಬಂತೆಂದು ವೈಜಿನಾಥ ನಾಲ್ಕು ದಿನದ ಮಟ್ಟಿಗೆ ಕರೆಯಲು ಬಂದ. ಪ್ರತಿ ವರ್ಷ ಆ ಹಬ್ಬಕ್ಕೆ ಅವಳು ನನ್ನ ಸೆರಗು ಬಿಡುತ್ತಿರಲಿಲ್ಲ. ಈ ಸಲ ತಾನೇ ಚೀಲ ತುಂಬಿಕೊಂಡಳು. ಪುಸ್ತಕ, ಎರಡು ಫ್ರಾಕು, ಸ್ವೆಟರು. ನಾಲ್ಕು ದಿನಕ್ಕೆ ಸ್ವೆಟರು ಯಾಕೆ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಹೋಗಿದ್ದಾಳೆ. ಇನ್ನೂ ಬಂದಿಲ್ಲ.

ನೀನು ಬಾ. ಕಾಗದ ಬರೆಯಬೇಡ, ಬಾ.

ಲಲಿತಾ

*

ಗಾರಿಸ್ಸಾ
14 ಜನವರಿ 1997

ಅಕ್ಕಾ,

ನಾನು ಅಕ್ಟೋಬರಿನಿಂದ ಗಡಿಯ ಕಡೆಯ ಕ್ಯಾಂಪಿನಲ್ಲಿದ್ದೆ, ಅಲ್ಲಿ ಮಲೇರಿಯಾ ಹಿಡಿದು ಮಲಗಿದೆ. ನಿನ್ನ ಸೆಪ್ಟೆಂಬರಿನ ಕಾಗದ ಮೊನ್ನೆ ಇಲ್ಲಿಗೆ ಮರಳಿದ ಮೇಲೆ ಸಿಕ್ಕಿತು. ಎರಡು ತಿಂಗಳಿಗೂ ಹೆಚ್ಚು ಕಾಲ ಅದು ಇಲ್ಲಿಯ ಮೇಜಿನ ಮೇಲೆ ಬಿದ್ದಿತ್ತು. ನೀವೆಲ್ಲ ನಾನು ಉತ್ತರ ಕೊಡಲಿಲ್ಲ ಎಂದುಕೊಂಡಿರುತ್ತೀರಿ.

ಮೇ ತಿಂಗಳಲ್ಲಿ ರಜೆ ಸಿಗುತ್ತದೆ. ಬರುತ್ತೇನೆ. ಅವಳಿಗೆ ಹೇಳು.

ಸಿದ್ಧು

*

ಉಮರ್ಗಾ
23 ಫೆಬ್ರವರಿ 1997

ಸಿದ್ಧೂ,

ನಿಲಂಗಾಕ್ಕೆ ಹೋಗಿ ಹೇಳಿ ಬಂದೆ. ಅಲ್ಲಿಯ ಮರಾಠಿ ಶಾಲೆಯಲ್ಲಿ ಕೂರುತ್ತಿದ್ದಾಳೆ. ದಾಖಲೆ ಇನ್ನೂ ನನ್ನ ಶಾಲೆಯಲ್ಲೇ ಇದೆ, ನಾನು ಬಿಟ್ಟುಕೊಟ್ಟಿಲ್ಲ. ಗುರಮ್ಮ ಅವಳ ತಲೆ ಬಾಚುತ್ತಿದ್ದಳು. "ಅಪ್ಪ ಮೇದಾಗ ಬರ್ತಾನಂತ" ಎಂದೆ. "ಕಾಗದದಾಗ ಬರದಾನೇನು?" ಎಂದು ದೀಪಾಲಿ ಕೇಳಿದಳು. ಹೌದು ಎಂದೆ. ಆಯ್ತು ಎನ್ನುವುದಕ್ಕೆ "ಬರಂ" ಎಂದು ಮರಾಠಿಯಲ್ಲಿ ಹೇಳಿ ಇನ್ನೊಂದು ಜಡೆಗೆ ತಿರುಗಿ ಕುಳಿತಳು.

ಲಲಿತಾ

*

ಗಾರಿಸ್ಸಾ
12 ಜೂನ್ 1997

ಅಕ್ಕಾ,

ನಿಲಂಗಾದಿಂದ ಹಿಂತಿರುಗಿ ಉಮರ್ಗಾಕ್ಕೆ ಬಂದ ದಿನ ನೀನು ಏನಾಯಿತು ಎಂದು ಮೂರು ಸಲ ಕೇಳಿದೆ. ನಾನು ಊಟ ಮಾಡಿ ಮಲಗಿದೆ. ಎದುರಿಗೆ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ನಾನು ಹೋದಾಗ ಅವಳು ವೈಜಿನಾಥನ ಬಟ್ಟೆ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದಳು. ಎದ್ದು, "ಪಾಣಿ ದೇಊ ಕಾ?" ಎಂದಳು. ಬಂದ ಗಿರಾಕಿಗಳಿಗೆ ಮರಾಠಿಯಲ್ಲಿ ಕೇಳುವ ಹಾಗೆ. ನೀರು ತಂದುಕೊಟ್ಟಳು. ಎತ್ತರ ಆಗಿದ್ದಾಳೆ, ಸಪನಾಳ ನಡಿಗೆ ಬಂದಿದೆ. ವೈಜಿನಾಥ, ಗುರಮ್ಮ ಇಬ್ಬರೂ ಒಳಗೆ ಹೋದರು. ನಾನು ತಂದ ಚೀಲವನ್ನು ಅವಳು ಬಿಚ್ಚಲಿಲ್ಲ.

"ಮರಿ ಹ್ಯಾಂಗ ಸತ್ತಿತು ಹೇಳು" ಎಂದಳು.

"ಓದೀಯಲ್ಲ."

"ಓದೀನಿ. ನೀ ಹೇಳು."

ಹೇಳಿದೆ. ಭೇದಿಯಾದದ್ದು, ಹಾಲು ಬಿಟ್ಟದ್ದು, ಕಣ್ಣು ಒಳಗೆ ಹೋದದ್ದು, ಬೆಳಿಗ್ಗೆ ಯಾವ ಹೊತ್ತಿಗೆ ಉಸಿರು ನಿಂತಿತು, ಎಲ್ಲ. ತಾಯಿಯದನ್ನೂ ಕೇಳಿದಳು. ಮುದುಕ ಬೇಡ ಎಂದದ್ದು, ನಾನು ಇನ್ನೊಂದು ಸುತ್ತು ಎಂದದ್ದು, ಅದನ್ನೂ ಹೇಳಿದೆ. ಅವಳು ಪೆನ್ಸಿಲ್ ಹಿಡಿದುಕೊಂಡೇ ಕೇಳಿಸಿಕೊಂಡಳು. ಆಮೇಲೆ, "ಅವ್ವಗ ನೀ ನೋಡೀಯೇನು, ಮಣ್ಣಾಗಿಂದ ತೆಗದ ಮ್ಯಾಲ?" ಎಂದಳು.

ನಾನು ನೋಡಿರಲಿಲ್ಲ ಅಕ್ಕಾ. ನಿನಗೆ ಗೊತ್ತಿದೆ. ಗುರುತು ಹಿಡಿದವನು ವೈಜಿನಾಥ. ನಾನು ಊರ ಹೊರಗೆ ಜೀಪಿನ ಹತ್ತಿರ ನಿಂತಿದ್ದೆ.

"ಇಲ್ಲ" ಎಂದೆ.

ಆಗ ಅವಳು ಹೇಳಿದಳು. ಅವಳ ಮಾತಿನಲ್ಲೇ ಬರೆಯುತ್ತೇನೆ, ಬೇರೆ ಮಾತು ನನ್ನಲ್ಲಿಲ್ಲ.

"ಮಣ್ಣಿನಾಗ ನಾವಿಬ್ಬರೂ ಬಾಜೂಕನೇ ಇದ್ದೆವು. ಅವ್ವನ ಕೈ ನನ್ನ ಹೊಟ್ಟಿ ಮ್ಯಾಲಿತ್ತು. ಆಕಿ ಭಾಳ ಹೊತ್ತು ಮಾತಾಡ್ಯಾಳ. ಅಪ್ಪ ಉದಗೀರದಿಂದ ಹೊಂಟಾನ, ಬರಲಿಕತ್ತಾನ, ನೀ ಎಣಸಕೋತ ಇರು ಅಂದಳು. ನನಗ ಆಗ ನೂರರ ತನಕ ಬರತಿತ್ತು. ನೂರ ಆದ ಮ್ಯಾಲ ಮತ್ತ ಒಂದರಿಂದ ಎಣಿಸೀನಿ. ಆಮ್ಯಾಲ ಆಕಿ ಸುಮ್ಮನಾದಳು. ಕೈ ಥಂಡಿ ಆಯ್ತು. ನಾ ಎಣಿಸೋದು ಬಿಡಲಿಲ್ಲ. ಮಿಲಿಟ್ರಿಯವರು ತೆಗದರು. ನೀ ಸಂಜಿಗಿ ಬಂದಿ."

ಪೆನ್ಸಿಲ್ಲನ್ನು ಪುಸ್ತಕದಲ್ಲಿಟ್ಟು, "ಸೊಲ್ಲಾಪುರದ ದವಾಖಾನಿಯಾಗ ಇದ್ದಾಳ ಅಂತ ನೀ ಅಂದಾಗ ನನಗ ಗೊತ್ತಿತ್ತು. ನಿನಗ ಗೊತ್ತಿಲ್ಲೇನೋ ಅಂತ ಸುಮ್ಮನಿದ್ದೆ" ಎಂದಳು.

ಆರು ವರ್ಷದ ಮಗು ಹದಿನೈದು ದಿನ ನನ್ನನ್ನು ಕಾಪಾಡಿದೆ ಅಕ್ಕಾ. ನಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ.

"ನನ್ನ ಸಂಗಟ ಉದಗೀರಕ್ಕ ಬರ್ತೀಯೇನು? ಅಲ್ಲಿಯ ನೌಕರಿ ಬಿಟ್ಟು ಬರ್ತೀನಿ, ಇಬ್ಬರೂ ಇರೋಣು" ಎಂದೆ. ಅವಳು ನನ್ನ ಮುಖವನ್ನು ಚೆನ್ನಾಗಿ ನೋಡಿದಳು. ಸಿಟ್ಟಿರಲಿಲ್ಲ. "ನೀ ಬಿಟ್ಟು ಬಂದ ಮ್ಯಾಲ ಕೇಳು" ಎಂದಳು. ಪುಸ್ತಕ ಎತ್ತಿಕೊಂಡು ಒಳಗೆ ಹೋದಳು.

ಹೊರಡುವಾಗ ವೈಜಿನಾಥ ಬಸ್ ಸ್ಟ್ಯಾಂಡಿನವರೆಗೆ ಬಂದ. "ಡಾಕ್ಟರ್ ಸಾಹೇಬ್ರ, ಕರಕೊಂಡು ಹೋಗ್ತೀನಿ ಅಂದ್ರ ಇವತ್ತೇ ಕರಕೊಂಡು ಹೋಗ್ರಿ, ನಾ ಅಡ್ಡ ಬರೂದಿಲ್ಲ. ಇಲ್ಲಾಂದ್ರ ನಮಗ ಬಿಡ್ರಿ. ಆಕೀಗಿ ನಡುವ ಇಡಬ್ಯಾಡ್ರಿ" ಎಂದ. ಆ ದಿನವೇ ಮರಳಿ ಹೋಗಿ ಅವಳ ಕೈ ಹಿಡಿದಿದ್ದರೆ ಬರುತ್ತಿದ್ದಳೋ ಏನೋ. ಕರಾರಿನ ಕಾಗದ, ವಿಮಾನದ ಟಿಕೀಟು, ಏನೇನೋ ನೆಪ ಮನಸ್ಸಿಗೆ ಬಂದವು. ಬಸ್ಸು ಹತ್ತಿದೆ.

ಇಲ್ಲಿ ಹೋದ ವಾರ ವಿಮಾನದಿಂದ ಹಿರೋಲಾ ಲೆಕ್ಕ ಹಾಕಿದರು. ನಾನೂ ಕುಳಿತಿದ್ದೆ. ಎರಡು ವರ್ಷದ ಹಿಂದೆ ನಾವು ಮೂರು ಹಿಂಡು ನೋಡಿದ ಬಯಲಿನಲ್ಲಿ ಒಂದು ಗಂಡು ಮಾತ್ರ ಇತ್ತು. ವಿಮಾನದ ಸದ್ದಿಗೆ ಓಡಲೂ ಇಲ್ಲ. ಅವು ತಮ್ಮ ಜಾಗವನ್ನು ತಾವೇ ಕಾಯುತ್ತವೆ, ಹೆಣ್ಣುಗಳು ಬಂದೇ ಬರುತ್ತವೆ ಎಂದು ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುತ್ತವೆ. ಆ ಕಡೆ ಇನ್ನು ಹೆಣ್ಣುಗಳಿಲ್ಲ. ಪೈಲಟ್ ಒಂದು ಎಂದು ಬರೆದುಕೊಂಡ.

ಡಿಸೆಂಬರಿಗೆ ನನ್ನ ಕರಾರು ಮುಗಿಯುತ್ತದೆ. ಈ ಸಲ ನಿಜವಾಗಿ ಬಿಟ್ಟು ಬರುತ್ತೇನೆ. ಅಲ್ಲಿಯವರೆಗೆ ವೈಜಿನಾಥ ದತ್ತಕದ ಯಾವ ಕಾಗದವನ್ನೂ ಮಾಡಿಸದಂತೆ ನೋಡಿಕೋ. ನೀನು ಹೇಳಿದರೆ ಅವಳು ಕೇಳುತ್ತಾಳೆ.

ಸಿದ್ಧು

*

ಉಮರ್ಗಾ
13 ಜುಲೈ 1997

ಸಿದ್ಧೂ,

ನಿನ್ನ ಜೂನ್ ತಿಂಗಳ ಕಾಗದ ನಿನ್ನೆ ಬಂತು. ಮೊನ್ನೆ ಬಂದಿದ್ದರೆ ಏನಾದರೂ ಬದಲಾಗುತ್ತಿತ್ತೋ ಎಂದು ರಾತ್ರಿಯೆಲ್ಲ ಯೋಚಿಸಿದೆ. ಆಗುತ್ತಿರಲಿಲ್ಲ ಎನಿಸುತ್ತದೆ. ಆದರೂ ಹೇಳುತ್ತೇನೆ.

ಶಾಲೆ ಹೊಸ ಕಟ್ಟಡಕ್ಕೆ ಬಂದಿದೆ. ಸಿಮೆಂಟಿನ ಗೋಡೆ, ಹಸಿರು ಬಣ್ಣ. ಈ ವರ್ಷ ಮೂರನೇ ಇಯತ್ತೆಗೆ ಆರು ಮಕ್ಕಳು. ಅವರಿಗೆ ಹಿರೋಲಾ ಬಗ್ಗೆ ನಾನು ಏನೂ ಹೇಳಿಲ್ಲ. ಮಲಕಮ್ಮನನ್ನು ಅವಳ ಅಜ್ಜ ಲಾತೂರಿನ ಒಂದು ಆಶ್ರಮಶಾಲೆಗೆ ಹಾಕಿ ಬಂದ. ಹೋಗುವ ಮುಂಚೆ ಹೇಳಲಿಕ್ಕೆ ಬಂದಿದ್ದಳು. ನಿಂತು, ಏನೂ ಕೇಳದೆ ಹೋದಳು. ಅವಳು ಪ್ರಶ್ನೆ ಕೇಳದೇ ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮೊನ್ನೆ ಶುಕ್ರವಾರ ವೈಜಿನಾಥ ದೀಪಾಲಿಯನ್ನು ಕರೆದುಕೊಂಡು ಶಾಲೆಗೇ ಬಂದ. ದಾಖಲೆ ಇಲ್ಲದೆ ಇನ್ನು ಕೂರಿಸಿಕೊಳ್ಳುವುದಿಲ್ಲ ಎಂದು ನಿಲಂಗಾದ ಶಾಲೆಯವರು ಹೇಳಿದ್ದಾರೆ. ಶಾಲೆ ಬಿಟ್ಟ ಪ್ರಮಾಣಪತ್ರ ಬೇಕಿತ್ತು. ನಾನೇ ಮುಖ್ಯಾಧ್ಯಾಪಕಿ, ನಾನೇ ಬರೆದುಕೊಡಬೇಕು. ಡಿಸೆಂಬರ್ ತನಕ ತಡೆಯಿರಿ ಎಂದು ಹೇಳಲು ನನ್ನ ಹತ್ತಿರ ನಿನ್ನ ಕಾಗದ ಇರಲಿಲ್ಲ. ಇದ್ದಿದ್ದರೂ, ಕಾಗದ ತೋರಿಸಿ ಅವಳಿಗೆ ಇರು ಎನ್ನಲು ನನಗೆ ಬಾಯಿ ಬರುತ್ತಿತ್ತೇ?

"ಸ್ವಲ್ಪ ದಿನ ನೋಡೋಣು ದೀಪಾ" ಎಂದೆ. "ಆಯ್ತತ್ತಿ, ನೋಡಿದೆವಲ್ಲ" ಎಂದಳು.

ಬರೆಯಲು ಕುಳಿತೆ. ಅವಳು ಮೇಜಿನ ಅಂಚು ಹಿಡಿದುಕೊಂಡು ನಾನು ಬರೆಯುವುದನ್ನು ಓದುತ್ತ ನಿಂತಳು. ವಿದ್ಯಾರ್ಥಿನಿಯ ಹೆಸರು, ದೀಪಾಲಿ ಸಿದ್ಧೇಶ್ವರ. ತಾಯಿಯ ಹೆಸರು, ಸಪನಾ. ಹುಟ್ಟಿದ ಊರು, ಉದಗೀರ. ಮಾತೃಭಾಷೆ, ಕನ್ನಡ. ನಡತೆ, ಉತ್ತಮ. ಶಾಲೆ ಬಿಡಲು ಕಾರಣ ಎಂಬ ಕಡೆ ಬಂದಾಗ ಪೆನ್ನು ನಿಂತಿತು. ಎಲ್ಲರಿಗೂ ಬರೆಯುವಂತೆ, ಪಾಲಕರ ಇಚ್ಛೆ ಎಂದು ಬರೆದೆ.

ಅವಳು ಆ ಎರಡು ಪದದ ಮೇಲೆ ಬೆರಳಿಟ್ಟಳು.

"ಅತ್ತಿ, ಇದು ಖರೆ ಅಲ್ಲ. ನನ್ನ ಇಚ್ಛಾ ಅಂತ ಬರಿ."

ಹೊಡೆದು ಹಾಕಿ ಹಾಗೆಯೇ ಬರೆದೆ. ತಿದ್ದಿದ ಕಡೆ ಚಿಕ್ಕ ಸಹಿ, ಕೆಳಗೆ ದೊಡ್ಡ ಸಹಿ, ಮೇಲೆ ಶಾಲೆಯ ಶಿಕ್ಕೆಯ ಮುದ್ರೆ. ಅವಳು ಮಸಿ ಒಣಗುವವರೆಗೆ ಊದಿ, ಮಡಚಿ, ವೈಜಿನಾಥನ ಕೈಗೆ ಕೊಟ್ಟಳು.

ಲಲಿತಾ